ಅತ್ತಿಗೆಯ ತವರಿನ ಮಿಕ್ಸಿ

ಹೋದ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಒಂದು ವಾಸನೆ ಎದ್ದಿತು. ಅರಗು, ರಬ್ಬರು, ಹಳೆಯ ಪೇಂಟು ಮೂರನ್ನೂ ಒಂದೇ ಬಾಣಲೆಗೆ ಹಾಕಿ ಹುರಿದರೆ ಬರಬಹುದಾದ ವಾಸನೆ. ಮಿಕ್ಸಿಯ ಮೋಟಾರು ಸುಡುವುದನ್ನು ನೀವು ಕಂಡವರಾದರೆ ನಾನು ಇನ್ನು ವರ್ಣಿಸಬೇಕಾಗಿಲ್ಲ. ಕಾಣದಿದ್ದರೆ ಸ್ವಲ್ಪ ದಿನ ಕಾಯಿರಿ, ನಿಮ್ಮ ಮನೆಗೂ ಬರುತ್ತದೆ.

ನನ್ನ ಯಜಮಾನರು ನಿವೃತ್ತರಾದ ಮೇಲೆ ಮನೆಯ ಎಲ್ಲ ರಸೀದಿಗಳಿಗೂ ತಾವೇ ಅಧಿಕಾರಿ. ಫೈಲು ತೆಗೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿ, ಹತ್ತಿರದ ಸಂಬಂಧಿಕರ ಸಾವು ತಿಳಿಸುವ ದನಿಯಲ್ಲಿ, ಗ್ಯಾರಂಟಿ ಹೋದ ತಿಂಗಳೇ ಮುಗಿದಿದೆ ಎಂದರು. ನನಗೇನೂ ಆಶ್ಚರ್ಯವಾಗಲಿಲ್ಲ. ಗ್ಯಾರಂಟಿ ಇರುವಾಗ ಕೆಟ್ಟ ಯಂತ್ರವನ್ನು ನಾನು ಈ ವಯಸ್ಸಿನವರೆಗೂ ನೋಡಿಲ್ಲ. ಅವಕ್ಕೆ ಓದುಬರಹ ಬರುತ್ತದೆ ಎಂದು ನನ್ನ ಅನುಮಾನ. ತಮ್ಮ ಕಾರ್ಡನ್ನು ತಾವೇ ಓದಿಕೊಂಡು, ವಾಯಿದೆ ಮುಗಿಯಿತೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನಿಧಾನವಾಗಿ ಹೊಗೆ ಬಿಡುತ್ತವೆ. ಯಜಮಾನರು ಕಂಪನಿಗೆ ಒಂದು ಖಾರವಾದ ಪತ್ರ ಬರೆಯುವ ಹುರುಪಿನಲ್ಲಿದ್ದರು. ನಾನು ಅರ್ಧ ಅರೆದ ಕಾಯನ್ನು ಬಟ್ಟಲಿಗೆ ಬಗ್ಗಿಸಿಕೊಳ್ಳುತ್ತಾ ನಗುತ್ತಿದ್ದೆ. ಮಿಕ್ಸಿ ಕೆಟ್ಟರೆ ನಗುವ ಹೆಂಗಸನ್ನು ಅವರು ನೋಡಿರಲಿಲ್ಲ, ಕೊಂಚ ಗಾಬರಿಯಾದರು.

ನಗು ಬಂದದ್ದು ಇನ್ನೊಂದು ಮಿಕ್ಸಿಯ ನೆನಪಿಗೆ. ಅದು ಹೊಗೆ ಬಿಟ್ಟದ್ದು ಎಂಬತ್ತರ ದಶಕದ ಶುರುವಿನಲ್ಲಿ, ಆರ್.ಟಿ. ನಗರದ ನಮ್ಮ ಮನೆಯ ಹಜಾರದಲ್ಲಿ. ಮಿಕ್ಸಿಗೆ ಹಜಾರದಲ್ಲೇನು ಕೆಲಸ ಎಂದು ಕೇಳುತ್ತೀರಿ. ಹೇಳುತ್ತೇನೆ, ಅವಸರವಿಲ್ಲ. ಇವತ್ತು ಚಟ್ನಿ ಹೇಗೂ ಇಲ್ಲ.

ಆಗಿನ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮೆಜೆಸ್ಟಿಕ್ಕಿಗೆ ಹೊರಟವರು ಬೆಂಗಳೂರಿಗೆ ಹೋಗಿ ಬರ್ತೀನಿ ಎಂದು ಹೇಳಿ ಹೋಗುತ್ತಿದ್ದರು. ಹೆಬ್ಬಾಳದ ಕಡೆ ಮುಖ ಮಾಡಿದರೆ ರಾಗಿ ಹೊಲ. ನೆಲದ ಮೇಲೆ ಹೀಗಿದ್ದರೂ ಆಕಾಶದಲ್ಲಿ ನಾವು ಬಹಳ ಮುಂದುವರಿದವರು. ಜಕ್ಕೂರಿನಿಂದ ಎದ್ದ ಪುಟ್ಟ ವಿಮಾನಗಳು, ಹಾರಲು ಕಲಿಯುವವರವು, ಬೆಳಿಗ್ಗೆಯೆಲ್ಲ ನಮ್ಮ ತಲೆಯ ಮೇಲೆ ಗುರ್ ಎನ್ನುತ್ತಾ ಸುತ್ತುತ್ತಿದ್ದವು. ಒಂದೊಂದು ನಮ್ಮ ಬಟ್ಟೆ ಒಣಹಾಕುವ ತಂತಿಗೆ ತಗುಲೀತು ಅನ್ನುವಷ್ಟು ಕೆಳಗೆ ಬರುತ್ತಿತ್ತು.

ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆ ಅದು. ಅಡುಗೆಮನೆಗೆ ಒಂದು ಬಲ್ಬು ಸಾಕು, ಹೆಂಗಸರಿಗೆ ಪ್ಲಗ್ಗು ಯಾಕೆ ಎಂದು ಕಂಟ್ರಾಕ್ಟರು ತೀರ್ಮಾನಿಸಿದ್ದ. ಅಪ್ಪನೂ ಒಪ್ಪಿದ್ದರು. ಮನೆಗೆಲ್ಲ ಇದ್ದ ಒಂದೇ ಮೂರು ತೂತಿನ ಪ್ಲಗ್ಗು ಹಜಾರದಲ್ಲಿ, ಅಪ್ಪನ ಕುರ್ಚಿಯ ಪಕ್ಕದಲ್ಲಿ. ಮನೆಯಲ್ಲಿ ಅಪ್ಪ, ಅಮ್ಮ, ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಅಣ್ಣ, ಮತ್ತು ಪಿಯುಸಿ ಓದುತ್ತಾ ಪ್ರಪಂಚವೆಲ್ಲ ಅರ್ಥವಾಗಿದೆ ಎಂದುಕೊಂಡಿದ್ದ ನಾನು. ಅಪ್ಪ ಪತ್ರಿಕೆ ಓದುವಾಗ ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು, ಉಳಿದ ಹೊತ್ತಿನಲ್ಲಿ ಕಾಲು ಕಿವಿಯಲ್ಲಿ. ಮನೆ ನಡೆಸುತ್ತಿದ್ದದ್ದು ಅಮ್ಮ. ಅಮ್ಮನ ಮಾತು ನೇರ, ನೋಟ ಅದಕ್ಕಿಂತ ನೇರ. ಸಾರಿಗೆ ಉಪ್ಪು ಜಾಸ್ತಿಯಾದರೆ ಅವಳು ಏನೂ ಅನ್ನುತ್ತಿರಲಿಲ್ಲ, ತಟ್ಟೆಯಿಂದ ತಲೆಯೆತ್ತಿ ಮಾಡಿದವರನ್ನು ಒಮ್ಮೆ ನೋಡುತ್ತಿದ್ದಳು. ನಾನು ಆ ನೋಟಕ್ಕೆ ಈಗಲೂ ಹೆದರುತ್ತೇನೆ.

ಅಣ್ಣನಿಗೆ ಸೋಲದೇವನಹಳ್ಳಿಯಿಂದ ಹೆಣ್ಣು ತಂದೆವು. ನಾಗವೇಣಿ ಅತ್ತಿಗೆಯ ತಂದೆ ಮುನಿವೆಂಕಟಪ್ಪನವರಿಗೆ ಅಲ್ಲಿ ದ್ರಾಕ್ಷಿ ತೋಟವಿತ್ತು. ಮಾತು ಕಡಿಮೆ, ರುಮಾಲು ದೊಡ್ಡದು. ಮದುವೆ ನಿಶ್ಚಯವಾದ ವರ್ಷ ಫಸಲು ಚೆನ್ನಾಗಿ ಬಂದಿತ್ತು. ಹಣ್ಣು ಮಾರಿದ ದಿನವೇ ಅವರು ಪೇಟೆಗೆ ಹೋಗಿ ಮಗಳಿಗೆಂದು ಮಿಕ್ಸಿ ಕೊಂಡುಬಿಟ್ಟರು. ಅದು ಶ್ರಾವಣ. ಪುರೋಹಿತರು ಕೊಟ್ಟ ಲಗ್ನ ಕಾರ್ತಿಕದ ಕೊನೆಗೆ. ಅಲ್ಲಿಯವರೆಗೆ ಮಿಕ್ಸಿ ಅವರ ಮನೆಯ ಅಟ್ಟದಲ್ಲಿ, ರಾಗಿ ಮೂಟೆಗಳ ನಡುವೆ, ಡಬ್ಬದೊಳಗೇ ಕೂತಿತ್ತು. ಮದುವಣಗಿತ್ತಿಯ ಸಾಮಾನನ್ನು ಮದುವೆಗೆ ಮುಂಚೆ ಯಾರಾದರೂ ತೆಗೆದು ನೋಡುತ್ತಾರೆಯೇ? ಗ್ಯಾರಂಟಿ ಮಾತ್ರ ರಸೀದಿ ಹರಿದ ದಿನದಿಂದಲೇ ಓಡಲು ಶುರು ಮಾಡಿತ್ತು. ಅದಕ್ಕೆ ಲಗ್ನ, ಮುಹೂರ್ತ ಯಾವುದರ ಹಂಗೂ ಇಲ್ಲ ಎಂಬುದು ಎರಡೂ ಮನೆಯವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮದುವೆಯ ಮಂಚ, ಪಾತ್ರೆ ಎಲ್ಲ ಲಾರಿಯಲ್ಲಿ ಬಂತು. ಮಿಕ್ಸಿಯನ್ನು ಮಾತ್ರ ಲಾರಿಯವನ ಕೈಗೆ ಕೊಡದೆ ಮುನಿವೆಂಕಟಪ್ಪನವರು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಅದನ್ನು ಅಳಿಯನಿಗೂ ಕೊಡಲಿಲ್ಲ, ಮಗಳಿಗೂ ಕೊಡಲಿಲ್ಲ. ನಮ್ಮಮ್ಮನ ಮುಂದೆ ಇಟ್ಟು ಕೈ ಮುಗಿದರು.

"ನಮ್ಮನೆಯೋಳ ರಟ್ಟೆ ಬಿದ್ದೋಯ್ತು ತಾಯಿ, ಗುಂಡು ತಿರುವಿ ತಿರುವಿ. ಮಗೀಗೆ ಅದು ಬ್ಯಾಡ ಅಂತ ತಂದಿವ್ನಿ" ಎಂದರು.

ಅಮ್ಮ ಅವರ ಎದುರಿಗೆ ಸಂತೋಷ ಎಂದಳು. ಅವರು ಹೋದ ಮೇಲೆ ಅದರ ಸುತ್ತ ಒಂದು ಸುತ್ತು ಹಾಕಿ, ಕರೆಂಟಲ್ಲಿ ಅರೆದ ಖಾರಕ್ಕೆ ರುಚಿ ಎಲ್ಲಿಂದ ಬರಬೇಕು ಎಂದಳು. ಬಾಗಿಲ ಹತ್ತಿರ ನಿಂತಿದ್ದ ಅತ್ತಿಗೆಗೆ ಅದು ಕೇಳಿಸಿತು. ಹೊಸ ಸೊಸೆಗೆ ಕೇಳಿಸಬಾರದ್ದೇ ಮೊದಲು ಕೇಳಿಸುವುದು.

ಮಿಕ್ಸಿ ಹೀಗೆ ಹಜಾರದಲ್ಲಿ, ಅಪ್ಪನ ಕುರ್ಚಿ ಪಕ್ಕದ ಸ್ಟೂಲಿನ ಮೇಲೆ ಸ್ಥಾಪನೆಯಾಯಿತು. ಅತ್ತಿಗೆ ಅದಕ್ಕೆ ಗುಲಾಬಿ ಹೂವಿನ ಕಸೂತಿ ಹಾಕಿದ ಒಂದು ಹೊದಿಕೆ ಹೊಲಿದಳು. ಬಂದವರು ಅದನ್ನು ಹೊಲಿಗೆ ಮೆಷಿನ್ನೆಂದು ತಿಳಿಯುತ್ತಿದ್ದರು. ಬೆಳಿಗ್ಗೆ ಅಪ್ಪ ಪತ್ರಿಕೆ ಬಿಡಿಸುವ ಹೊತ್ತಿಗೆ ಅತ್ತಿಗೆ ಅಡುಗೆಮನೆಯಿಂದ ಕಾಯಿ, ಮೆಣಸಿನಕಾಯಿ ತಂದು ಅವರ ಕಿವಿಯ ಪಕ್ಕದಲ್ಲೇ ಅದನ್ನು ಚಾಲೂ ಮಾಡುತ್ತಿದ್ದಳು. ಅಪ್ಪ ಪತ್ರಿಕೆಯನ್ನು ಕೊಂಚ ಆಚೆ ಹಿಡಿಯುತ್ತಿದ್ದರು, ಅಷ್ಟೆ. ತೊಂದರೆ ಆಗುತ್ತಿದ್ದದ್ದು ಪಕ್ಕದ ಮನೆಯ ಕಮಲಮ್ಮನವರಿಗೆ. ನಮ್ಮ ಮಿಕ್ಸಿ ತಿರುಗಿದರೆ ಅವರ ಮನೆಯ ರೇಡಿಯೋ ಕರಕರ ಅನ್ನುತ್ತಿತ್ತು. ವಾರ್ತೆ ಓದುವವನು ಮಂತ್ರಿಯ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ನಮ್ಮ ಚಟ್ನಿ ಶುರುವಾಗಿ, ಕಮಲಮ್ಮನವರಿಗೆ ಯಾವ ಮಂತ್ರಿ ಏನಾದ ಎಂದು ವರ್ಷವಿಡೀ ತಿಳಿಯಲೇ ಇಲ್ಲ.

ಅಮ್ಮ ಮೊದಮೊದಲು ಆ ಚಟ್ನಿಯನ್ನು ಔಷಧಿ ನೆಕ್ಕುವಂತೆ ನೆಕ್ಕಿದಳು. ಆಮೇಲೆ ಸಾರಿನ ಖಾರಕ್ಕೂ ಅದಕ್ಕೇ ಹಾಕು ಎಂದಳು. ಇನ್ನಷ್ಟು ದಿನದ ಮೇಲೆ ದೋಸೆಗೂ. ಹಿತ್ತಿಲಿನ ಒರಳುಕಲ್ಲಿನಲ್ಲಿ ಗುಬ್ಬಚ್ಚಿಗಳು ಮಳೆನೀರು ಕುಡಿಯತೊಡಗಿದವು. ಆದರೂ ಮಿಕ್ಸಿ ಚೆನ್ನಾಗಿದೆ ಎಂದು ಅಮ್ಮನ ಬಾಯಲ್ಲಿ ಬರಲಿಲ್ಲ. ಅತ್ತಿಗೆ ಕಾಯುತ್ತಿದ್ದಳು ಎಂದು ನನಗೆ ಗೊತ್ತು. ಚಟ್ನಿ ಬಡಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು.

ಅದು ಅವಳಿಗೆ ಯಾಕೆ ಅಷ್ಟು ದೊಡ್ಡದಾಗಿತ್ತು ಎನ್ನುವುದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ತವರಿನಿಂದ ಬಂದ ಸಾಮಾನಿನ ಮೇಲೆ ಆಗ ಇಡೀ ಬೀದಿಯ ಕಣ್ಣು. ನಮ್ಮ ಹಿಂದಿನ ರಸ್ತೆಯ ಒಬ್ಬ ಸೊಸೆಯ ತವರಿನವರು ಕೊಟ್ಟ ಬೀರುವಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಆ ಹುಡುಗಿಗೆ ಎರಡು ಮಕ್ಕಳಾದರೂ ಜನ ಅವಳನ್ನು ಬೀರು ಸೊಸೆ ಎಂದೇ ಗುರುತು ಹೇಳುತ್ತಿದ್ದರು. ಅತ್ತಿಗೆಗೆ ಆ ಕಥೆಯನ್ನು ಮೊದಲ ವಾರದಲ್ಲೇ ಹೇಳಿದವಳು ನಾನು. ಜ್ಞಾನ ಹಂಚುವುದರಲ್ಲಿ ನಾನು ಹಿಂದುಮುಂದು ನೋಡುತ್ತಿರಲಿಲ್ಲ.

ಆಯುಧಪೂಜೆ ಬಂತು. ನಮ್ಮಲ್ಲಿ ಆಯುಧ ಅಂದರೆ ಅಣ್ಣನ ಸೈಕಲ್ಲು, ಈಳಿಗೆಮಣೆ, ಕುಡುಗೋಲು, ಅಪ್ಪನ ಪೆನ್ನು. ಆ ವರ್ಷ ಅಮ್ಮ ಯಾರಿಗೂ ಹೇಳದೆ ಮಿಕ್ಸಿಯನ್ನೂ ಆ ಸಾಲಿಗೆ ಸೇರಿಸಿದಳು. ಜಾರು ತೆಗೆದಿಟ್ಟು, ಮೈಗೆಲ್ಲ ವಿಭೂತಿ ಪಟ್ಟೆ ಬಳಿದು, ಕುಂಕುಮ ಇಟ್ಟು, ಚೆಂಡುಹೂ ಮುಡಿಸಿ, ಕೈತುಂಬ ಅಕ್ಷತೆ ತೆಗೆದು ಅದರ ನೆತ್ತಿಯ ಮೇಲೆ ಹಾಕಿದಳು. ಸೈಕಲ್ಲಿಗೆ ಅಷ್ಟು ಸಿಗಲಿಲ್ಲ. ಅತ್ತಿಗೆ ಕಂಬದ ಪಕ್ಕದಲ್ಲಿ ನಿಂತು ಅದನ್ನು ನೋಡಿದಳು. ಒಂದು ವರ್ಷದಿಂದ ಕಾಯುತ್ತಿದ್ದ ಮಾತು ಬಾಯಲ್ಲಿ ಬರದೆ ಕೈಯಲ್ಲಿ ಬಂತು ಎನ್ನುವಂತೆ ಅವಳ ಮುಖವೆಲ್ಲ ಅರಳಿತು.

ಮಾರನೆಯ ದಿನ ಮಿಕ್ಸಿ ಸುಟ್ಟುಹೋಯಿತು.

ಅಮ್ಮ ಕಮಲಮ್ಮನವರ ಮನೆಗೆ ಬೊಂಬೆ ನೋಡಲು ಹೋಗಿದ್ದಳು. ಅತ್ತಿಗೆ ಗುಂಡಿ ತಿರುಗಿಸಿದಳು. ಮಿಕ್ಸಿ ಕೊರ್ ಅಂದಿತು, ಕಲ್ಲು ಅಗಿದಂಥ ಸದ್ದು ಮಾಡಿತು, ಬುಡದಿಂದ ನೀಲಿ ಹೊಗೆ ಬಿಟ್ಟಿತು, ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಪ್ಲಗ್ಗು ಕೀಳುತ್ತಿದ್ದರು. ಅತ್ತಿಗೆ ಓಡಿಹೋಗಿ ಮೊದಲು ಬೀದಿ ಬಾಗಿಲು ಮುಚ್ಚಿದಳು. ಪ್ಲಗ್ಗು ಕಿತ್ತದ್ದು ನಾನು. ಆಮೇಲೆ ಕೆಂಡ ತಂದು ಸಾಂಬ್ರಾಣಿ ಹಾಕಿ ಹಜಾರವೆಲ್ಲ ಹೊಗೆ ತುಂಬಿಸಿದಳು. ಸುಟ್ಟ ಮೋಟಾರಿನ ವಾಸನೆ ಸಾಂಬ್ರಾಣಿಯಲ್ಲಿ ಪೂರ್ತಿ ಅಡಗುವುದಿಲ್ಲ, ಸುಟ್ಟ ದೇವಸ್ಥಾನದ ವಾಸನೆ ಬರುತ್ತದೆ. ಅದರ ನಡುವೆ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅತ್ತೆಗೆ ಹೇಳ್ಬೇಡ ಕಣೇ. ನಮ್ಮಪ್ಪ ಎಂಥದ್ದೋ ಕೊಟ್ಟು ಸಾಗಹಾಕಿದ ಅಂತಾರೆ. ಅದೊಂದು ಮಾತು ಅವನ ಮೇಲೆ ಬರಬಾರದು" ಎಂದಳು. ನಾನು ಹೂಂ ಎಂದೆ. ಅಮ್ಮ ಬಂದು ಮೂಗು ಮೇಲೆತ್ತಿ, ಸಾಂಬ್ರಾಣಿ ಹಾಕಿದ್ದೀಯಾ, ಒಳ್ಳೇದು ಎಂದು ಒಳಗೆ ಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ನಾಟಕ ಶುರುವಾಯಿತು. ಅಮ್ಮ ಬೆಳಿಗ್ಗೆ ದೇವರ ಮುಂದೆ ಕೂತ ಕೂಡಲೇ ಅತ್ತಿಗೆ ಹಿತ್ತಿಲಿಗೆ ಹೋಗಿ ಒರಳಿನಲ್ಲಿ ರುಬ್ಬುವುದು, ನಾನು ನಡುಮನೆಯಲ್ಲಿ ಕಾವಲು ನಿಲ್ಲುವುದು. ರುಬ್ಬಿದ್ದನ್ನು ಮಿಕ್ಸಿಯ ಜಾರಿಗೆ ತುಂಬಿ, ಜಾರಿನಿಂದ ಪಾತ್ರೆಗೆ ಬಗ್ಗಿಸಿ, ಜಾರನ್ನು ತೊಳೆದು ಕಾಣುವಂತೆ ಬೋರಲು ಹಾಕುವುದು. ಮೊದಲ ದಿನ ನಮಗೆ ಹೊತ್ತು ಸಾಲಲಿಲ್ಲ. ಅದೃಷ್ಟಕ್ಕೆ ಆ ದಿನಗಳಲ್ಲಿ ಅಮ್ಮನ ಭಕ್ತಿ ಹೆಚ್ಚಿತು. ಪೂಜೆ ಉದ್ದವಾಗುತ್ತಾ ಹೋಯಿತು. ಒಂದು ಸಲ ನಾವು ರುಬ್ಬಿ, ಕಲ್ಲು ತೊಳೆದು, ಕೈ ಒರೆಸಿಕೊಂಡು ಬಂದರೂ ಅಮ್ಮ ಗಂಟೆ ಅಲ್ಲಾಡಿಸುತ್ತಲೇ ಇದ್ದಳು. ವಯಸ್ಸಾದಂತೆ ದೇವರು ಹತ್ತಿರವಾಗುತ್ತಾನೆ ಎಂದು ನಾನು ಅತ್ತಿಗೆಗೆ ವಿವರಿಸಿದೆ.

ಅಪ್ಪನದೊಂದು ಭಯವಿತ್ತು. ಪಕ್ಕದಲ್ಲೇ ಕೂರುವವರು, ಸದ್ದಿಲ್ಲ ಎನ್ನುವುದು ತಿಳಿಯದೇ ಇರುತ್ತದೆಯೇ? ಆದರೆ ಜಕ್ಕೂರಿನ ವಿಮಾನವೊಂದು ಒಂದು ಬೆಳಿಗ್ಗೆ ಮನೆಯ ಮೇಲೆ ಗುರ್ ಎಂದು ಸುತ್ತಿದಾಗ ಅಪ್ಪ ಪತ್ರಿಕೆಯನ್ನು ತಾವಾಗಿ ಆಚೆ ಸರಿಸಿ, ಇವತ್ತೇನು ಚಟ್ನಿ ಎಂದು ಕೇಳಿದರು. ಅತ್ತಿಗೆ ಕಣ್ಣು ಮಿಟುಕಿಸದೆ, ಕಾಯಿ ಚಟ್ನಿ ಮಾವ ಎಂದಳು. ಆ ದಿಕ್ಕಿನ ಚಿಂತೆ ಅಲ್ಲಿಗೆ ಮುಗಿಯಿತು.

ಅಣ್ಣನಿಗೆ ಹೇಳದೆ ಆಗಲಿಲ್ಲ. ಅವನು ಕಾರ್ಖಾನೆಯವನಲ್ಲವೇ, ಇಷ್ಟಕ್ಕೆ ಅಂಗಡಿಗೆ ಯಾಕೆ ಎಂದು ಅಮ್ಮ ತರಕಾರಿಗೆ ಹೋದ ಹೊತ್ತು ನೋಡಿ ಪತ್ರಿಕೆ ಹಾಸಿ ಬಿಚ್ಚಲು ಕೂತ. ಅತ್ತಿಗೆ 'ನಾನು ನೋಡಲಾರೆ' ಎಂದು ಒಳಗೆ ಹೋದಳು. ಬುಡದ ಮುಚ್ಚಳ ತೆಗೆದು ತಲೆಕೆಳಗು ಮಾಡಿ ಕುಟ್ಟಿದ. ಪತ್ರಿಕೆಯ ಮೇಲೆ ಉದುರಿದ್ದು ಅರಿಶಿನದ ಅಕ್ಕಿ. ಕೆಲವು ಕಾಳು ಹಳದಿಯಾಗಿಯೇ ಇದ್ದವು, ಕೆಲವು ಕರಿಕಲಾಗಿದ್ದವು. ಕೊನೆಗೆ ಚೆಂಡುಹೂವಿನ ಒಂದು ಎಸಳೂ ಬಂತು. ನಾನೂ ಅಣ್ಣನೂ ಅದನ್ನು ನೋಡಿದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಮ್ಮ ಜೀವಮಾನದಲ್ಲಿ ಮೊದಲ ಸಲ ಆ ಯಂತ್ರಕ್ಕೆ ತೋರಿಸಿದ ಪ್ರೀತಿ ಅದು.

"ನೀನು ಇದನ್ನ ನೋಡಿಲ್ಲ" ಎಂದ ಅಣ್ಣ.

ಅವನು ಹೆಂಡತಿಗೆ ಕಾಯಿಲ್ ಹೋಗಿದೆ ಎಂದಷ್ಟೇ ಹೇಳಿದ. ಹೀಗೆ ಅಮ್ಮನಿಗೆ ತಿಳಿಯಬಾರದ ಒಂದು ಗುಟ್ಟು, ಅತ್ತಿಗೆಗೆ ತಿಳಿಯಬಾರದ ಇನ್ನೊಂದು ಗುಟ್ಟು, ಎರಡೂ ನನ್ನ ಹೊಟ್ಟೆಯಲ್ಲಿ. ಅದುವರೆಗೆ ನನಗೆ ಗುಟ್ಟು ಅಂದರೆ ಪಕ್ಕದ ಬೆಂಚಿನವಳ ಜಡೆಪಿನ್ನು ಎಲ್ಲಿಂದ ಬಂತು ಎಂಬಷ್ಟೇ. ಊಟ ಸೇರದಂತಾಯಿತು.

ಮಿಕ್ಸಿ ಕೊಂಡಿದ್ದ ಅಂಗಡಿಗೂ ಅಣ್ಣ ಹೋಗಿ ಬಂದ. ಗ್ಯಾರಂಟಿ ಕಾರ್ಡು ದೇವರ ಗೂಡಿನಲ್ಲಿತ್ತು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿಕೊಂಡು. ಅಂಗಡಿಯವರು ಅದನ್ನು ಭಕ್ತಿಯಿಂದಲೇ ತೆಗೆದುಕೊಂಡು ಓದಿ, ಶ್ರಾವಣಕ್ಕೇ ಮುಗಿಯಿತಲ್ಲ ಎಂದರಂತೆ. ಮದುವೆ ಆದದ್ದೇ ಕಾರ್ತಿಕದಲ್ಲಿ ಎಂದು ಅಣ್ಣ ವಾದಿಸಿದ. ಮದುವೆಗೂ ಮಿಕ್ಸಿಗೂ ಸಂಬಂಧವಿಲ್ಲ ಎಂದು ಅವರು ಉತ್ತರ ಕೊಟ್ಟರು. ನಮ್ಮ ಪರಿಸ್ಥಿತಿ ಗೊತ್ತಿಲ್ಲದ ಜನ. ಹೊಸ ಕಾಯಿಲ್ ಹೊರ ಊರಿನಿಂದ ತರಿಸಬೇಕು, ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಕಳಿಸಿದರು. ಅಣ್ಣ ಅದನ್ನು ಮತ್ತೆ ಜೋಡಿಸಿ, ಗುಲಾಬಿಯ ಹೊದಿಕೆ ಹಾಕಿ, ಸ್ಟೂಲಿನ ಮೇಲೆ ಕೂರಿಸಿದ. ನೋಡಲು ಎಂದಿನಂತೆಯೇ ಇತ್ತು.

ಒಂದು ಮಧ್ಯಾಹ್ನ ಕಾಂಪೌಂಡಿನ ಆಚೆಯಿಂದ ಕಮಲಮ್ಮನವರು ಅಮ್ಮನನ್ನು ಕರೆದು, ಈಚೆಗೆ ನಮ್ಮನೆ ರೇಡಿಯೋ ಎಷ್ಟು ಚೆನ್ನಾಗಿ ಕೇಳಿಸ್ತಿದೆ ಕಣ್ರೀ, ಮಿಕ್ಸಿ ನಿಲ್ಲಿಸಿಬಿಟ್ರಾ ಎಂದು ಕೇಳಿದರು. ನಾನು ಕಿಟಕಿಯಲ್ಲಿದ್ದೆ. ಅಮ್ಮ, ವಾರ್ತೆ ಹೊತ್ತಲ್ಲಿ ಹಾಕಬೇಡ ಅಂತ ನಾನೇ ಸೊಸೆಗೆ ಹೇಳಿದೀನಿ ಎಂದಳು. ನಾನು ಓಡಿ ಬಂದು ಅತ್ತಿಗೆಯನ್ನು ಕೇಳಿದೆ, ಅಮ್ಮ ನಿಂಗೆ ಹಾಗೆ ಹೇಳಿದ್ಲಾ ಎಂದು. ಅತ್ತಿಗೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಇಲ್ಲ, ಅವರು ಹೇಳೇ ಇಲ್ಲ ಎಂದಳು.

ಅಂದರೆ ಅಮ್ಮನಿಗೆ ಗೊತ್ತು. ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ನಮ್ಮಮ್ಮ ಮಾತನ್ನು ಇಟ್ಟುಕೊಳ್ಳುವವಳಲ್ಲ. ಇಟ್ಟುಕೊಂಡಿದ್ದಾಳೆ ಎಂದರೆ ಯಾವುದೋ ಹೊತ್ತಿಗೆಂದು ಇಟ್ಟುಕೊಂಡಿದ್ದಾಳೆ. ಆ ಹೊತ್ತು ಯಾವುದೆಂದು ಅತ್ತಿಗೆ ಯೋಚಿಸಿ ಕಂಡುಕೊಂಡಳು. ಮೊದಲ ದೀಪಾವಳಿಗೆ ಮಗಳು ಅಳಿಯನನ್ನು ಕರೆಯಲು ಅವಳ ಅಪ್ಪ ಬರುವವರಿದ್ದರು. ಅವರನ್ನು ಕೂರಿಸಿ, ಅವರ ಮುಂದೆಯೇ ಅತ್ತೆ ಹೇಳುತ್ತಾರೆ. ಅವಳು ರಾಗಿ ಬೀಸುವಾಗ, ಬಟ್ಟೆ ಮಡಿಸುವಾಗ, ಬಾವಿಗೆ ಕೊಡ ಬಿಟ್ಟಾಗ ಅದನ್ನೇ ಯೋಚಿಸುತ್ತಿದ್ದಳು. ಅಪ್ಪನಿಗೆ ಬರಬೇಡ ಅನ್ನಲೇ ಎಂದು ನನ್ನನ್ನು ಕೇಳಿದಳು. ನಾನು ಪ್ರಪಂಚ ಅರಿತವಳು, ಆದರೆ ಅದಕ್ಕೆ ಮಾತ್ರ ಉತ್ತರ ಗೊತ್ತಿರಲಿಲ್ಲ.

ಮುನಿವೆಂಕಟಪ್ಪನವರು ಬಂದರು. ಒಂದು ಚೀಲದಲ್ಲಿ ಹಸಿ ಕಡಲೆಕಾಯಿ, ಇನ್ನೊಂದರಲ್ಲಿ ಸೀಬೆಹಣ್ಣು. ಹಜಾರದಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಅಪ್ಪ ಇದ್ದದ್ದರಿಂದ ಇನ್ನೊಂದನ್ನು ಮಿಕ್ಸಿಯ ಆಚೆ ಬದಿಗೆ ಹಾಕಿದೆವು. ಮಿಕ್ಸಿಯನ್ನು ನಡುವೆ ಇಟ್ಟುಕೊಂಡು ಬೀಗರಿಬ್ಬರೂ ಮಳೆ, ಬೆಳೆ ಮಾತಾಡಿದರು. ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟೆವು. ಅದನ್ನು ಅತ್ತಿಗೆ ಆ ಬೆಳಿಗ್ಗೆ ಅಮ್ಮನ ಪೂಜೆಯ ಹೊತ್ತಿನಲ್ಲಿ ಒರಳಿನಲ್ಲಿ ಅರೆದಿದ್ದಳು. ಅವರು ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ತಟ್ಟೆಯನ್ನೇ ನೋಡಿದರು. ಆಮೇಲೆ ಗುಲಾಬಿಯ ಹೊದಿಕೆಯ ಕಡೆ ತಿರುಗಿದರು.

"ತಾಯೀ, ಇದು ಓಡೋದನ್ನ ನಾನು ಕಂಡೇ ಇಲ್ಲ. ಅಂಗಡೀಲಿ ಡಬ್ಬ ಮುಚ್ಚಿ ಕೊಟ್ಬುಟ್ರು. ಒಂದ್ ಸಲ ಆಕಿ, ನೋಡ್ತೀನಿ" ಎಂದರು.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಇನ್ನೊಂದು ರೊಟ್ಟಿ ಹಿಡಿದು ನಿಂತಿದ್ದಳು. ಅಣ್ಣ ಇದ್ದಕ್ಕಿದ್ದ ಹಾಗೆ ಸೀಬೆಹಣ್ಣನ್ನು ಬಹಳ ಗಮನವಿಟ್ಟು ನೋಡತೊಡಗಿದ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಅತ್ತಿಗೆಯ ಮುಖ ನೋಡಿದಳು. ಉಪ್ಪು ಜಾಸ್ತಿಯಾದಾಗ ನೋಡುವ ಅದೇ ನೋಟ.

"ಈಗ ತಾನೇ ಹಾಕಿದ್ವಿ ಬೀಗರೇ. ನೀವು ತಿಂತಾ ಇರೋ ಚಟ್ನಿ ಅದರದ್ದೇ. ಇನ್ನೂ ಬಿಸಿ ಇದೆ, ಮತ್ತೆ ಹಾಕಿದ್ರೆ ಅದಕ್ಕೆ ಒಳ್ಳೇದಲ್ಲ" ಎಂದಳು ಅಮ್ಮ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮೊದ್ಲು ನಾನೇ ಬೇಡ ಅಂದಿದ್ದೆ. ಕರೆಂಟಲ್ಲಿ ಅರೆದ ಖಾರಕ್ಕೆ ರುಚಿ ಇರಲ್ಲ ಅಂದ್ಕೊಂಡಿದ್ದೆ. ನನ್ನ ತಪ್ಪು. ಈಗ ಈ ಮನೇಲಿ ಒರಳು ಮುಟ್ಟೋರೇ ಇಲ್ಲ" ಎಂದಳು.

ಆ ಹೊತ್ತಿಗೆ ಸರಿಯಾಗಿ ಮೇಲೆ ಒಂದು ವಿಮಾನ ಗುರ್ ಎಂದು ಹೋಯಿತು. ಅಪ್ಪ ಸಂಪೂರ್ಣ ಪ್ರಾಮಾಣಿಕತೆಯಿಂದ, ಹೂಂ, ದಿನಾ ಬೆಳಿಗ್ಗೆ ನನ್ನ ಕಿವಿ ಹತ್ರಾನೇ ಓಡುತ್ತೆ ಎಂದು ಸಾಕ್ಷಿ ನುಡಿದರು.

ಮುನಿವೆಂಕಟಪ್ಪನವರು ರೊಟ್ಟಿ ಮುಗಿಸಿ, ಕೈ ತೊಳೆದು ಬಂದು, ಹೊದಿಕೆಯ ಅಂಚೆತ್ತಿ ಮಿಕ್ಸಿಯ ಮೈಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು, ಕರುವಿನ ಮೈ ಮುಟ್ಟಿ ನೋಡುತ್ತಾರಲ್ಲ ಹಾಗೆ. "ಔದು, ಇನ್ನೂ ಬಿಸಿ ಐತೆ" ಎಂದು ಹೊದಿಕೆ ಸರಿಮಾಡಿದರು. ಕಿಟಕಿಯ ಬಿಸಿಲು ಬಿದ್ದು ಕಾದಿರಬೇಕು, ದೇವರು ದೊಡ್ಡವನು ಎಂದು ನಾನು ಅಂದುಕೊಂಡೆ. ಅವರು ಎಲ್ಲರಿಗೂ ಹೇಳಿ, ರುಮಾಲು ಸುತ್ತಿಕೊಂಡು ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ಅಮ್ಮ ತಟ್ಟೆಗಳನ್ನು ಎತ್ತುತ್ತಾ ಅತ್ತಿಗೆಗೆ ಹೇಳಿದ್ದು ಇಷ್ಟೇ.

"ನಾಳೆಯಿಂದ ನನ್ನ ಪೂಜೆ ಹೊತ್ತು ಕಾಯ್ಬೇಡ. ಗಂಟೆ ಅಲ್ಲಾಡಿಸಿ ನನ್ನ ಕೈ ನೋಯುತ್ತೆ. ಇಬ್ರೂ ಹಿತ್ತಿಲಲ್ಲಿ ಕೂರೋಣ, ಗುಂಡು ನಾನು ತಿರುವ್ತೀನಿ, ನೀನು ಹಿಟ್ಟು ತಳ್ಳು."

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ, ರೊಟ್ಟಿ ಸೀಯುತ್ತೆ ನೋಡು ಎಂದು ಒಳಗೆ ಕಳಿಸಿದಳು. ಆ ಉದ್ದದ ಪೂಜೆಗಳು ಭಕ್ತಿಯಲ್ಲ ಎಂದು ನನಗೆ ತಿಳಿದದ್ದು ಆಗ. ಅಮ್ಮನನ್ನು ಅಷ್ಟು ವರ್ಷ ನೋಡಿಯೂ ನಾನು ನೋಡಿರಲಿಲ್ಲ.

ಮಿಕ್ಸಿಗೆ ಹೊಸ ಕಾಯಿಲ್ ಬಂತು, ಓಡಿತು, ಕಮಲಮ್ಮನವರ ರೇಡಿಯೋ ಮತ್ತೆ ಕೆಟ್ಟಿತು. ಮರುವರ್ಷದ ಆಯುಧಪೂಜೆಯಲ್ಲಿ ಅಮ್ಮ ಮಿಕ್ಸಿಗೆ ಜಾರು ಕೂರಿಸಿ, ಮುಚ್ಚಳ ಬಿಗಿದು, ಅದರ ಮೇಲೆ ಒಂದು ತಟ್ಟೆ ಬೋರಲು ಹಾಕಿ, ಅಕ್ಷತೆಯನ್ನು ಎರಡೇ ಬೆರಳಲ್ಲಿ ಹಿಡಿದು ಸ್ಟೂಲಿನ ಕಾಲಿನ ಬುಡಕ್ಕೆ ಹಾಕಿದಳು. ಅಣ್ಣ ನನ್ನ ಕಡೆ ನೋಡಿದ. ಆ ಸಂಗತಿ ಅವಳಿಗೆ ಹೇಗೆ ಗೊತ್ತಾಯಿತೋ ನಾವು ಕೇಳಲಿಲ್ಲ. ಹಜಾರ ಗುಡಿಸುತ್ತಿದ್ದದ್ದು ಅವಳೇ, ಅವಳ ಪೊರಕೆಗೆ ಸಿಗದ ಕಾಳು ಇರಲಿಲ್ಲ. ಆಮೇಲೆ ವಯಸ್ಸಾದ ಮೇಲೆ, ಒಳ್ಳೆಯ ಮನಸ್ಸಿನಲ್ಲಿರುವಾಗ, ಜೀವನದಲ್ಲಿ ಒಂದೇ ಒಂದು ಸುಳ್ಳು ಹೇಳಿದೀನಿ, ಅದೂ ಬೀಗರ ಹತ್ತಿರ, ಪಾಪ ಅವರು ನಂಬಿಬಿಟ್ರು ಎನ್ನುತ್ತಿದ್ದಳು, ಕಮಲಮ್ಮನವರಿಗೆ ಹೇಳಿದ್ದನ್ನು ಲೆಕ್ಕಕ್ಕೇ ಹಿಡಿಯದೆ. ಆ ಮಾತಿನಲ್ಲಿ ಪಶ್ಚಾತ್ತಾಪ ಸ್ವಲ್ಪ, ಹೆಮ್ಮೆ ಬಹಳ.

ಅಮ್ಮ ಹೋಗಿ ಎಷ್ಟೋ ವರ್ಷಗಳಾದವು. ಮುನಿವೆಂಕಟಪ್ಪನವರು ಅವಳಿಗಿಂತ ಮುಂಚೆಯೇ ಹೋದರು. ಅಣ್ಣ, ಅತ್ತಿಗೆ ಈಗ ಸಹಕಾರನಗರದಲ್ಲಿದ್ದಾರೆ. ಅದೇ ಭಾನುವಾರ ಮಧ್ಯಾಹ್ನ, ಯಜಮಾನರು ಇನ್ನೂ ಪತ್ರದ ಎರಡನೆಯ ಪ್ಯಾರಾದಲ್ಲಿರುವಾಗ, ನಾನು ಅತ್ತಿಗೆಗೆ ಫೋನು ಮಾಡಿದೆ. ನಿಮ್ಮ ಮನೆಯ ಮಿಕ್ಸಿ ಹೇಗಿದೆ, ಯಾವ ಕಂಪನಿಯದು ತಗೊಳ್ಳಲಿ ಎಂದು ಕೇಳಬೇಕಿತ್ತು. ಆದರೆ ಅಮ್ಮನ ಗಂಟೆ, ಅಪ್ಪನ ಸಾಕ್ಷಿ, ಒಂದೊಂದೇ ನೆನೆಸಿಕೊಂಡು ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವತ್ತು ಆ ಬಿಸಿಲೊಂದು ಬೀಳದೇ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಅತ್ತಿಗೆ ಎಂದೆ.

ಅತ್ತಿಗೆ ನಗುವುದನ್ನು ನಿಲ್ಲಿಸಿದಳು.

"ಬಿಸಿಲು ಎಲ್ಲಿತ್ತು? ಅವತ್ತು ಮೋಡ ಕಣೇ" ಎಂದಳು. "ನಿಂಗೆ ನಾನು ಹೇಳೇ ಇಲ್ವಾ? ಅಪ್ಪ ತೀರಿಕೊಂಡ ಮೇಲೆ ನಮ್ಮಮ್ಮ ಹೇಳಿದ್ಲು. ಅವತ್ತು ಊರಿಗೆ ಹೋದೋನು ಕಾಲೂ ತೊಳೀದೆ ಅವಳನ್ನ ಕೂಗಿ ಕೂರಿಸ್ಕೊಂಡು ಅಂದ್ನಂತೆ. ಮಿಕ್ಸಿ ಕೆಟ್ಟೋಗೈತೆ ಕಣೇ, ಮುಟ್ಟಿದ್ರೆ ತಣ್ಣಗೆ ಕಲ್ಲು. ಚಟ್ನಿ ಒರಳಿಂದು. ಮನೆ ಮಂದಿ ಅಷ್ಟೂ ಜನ ಸೇರ್ಕಂಡು ನನ್ ಮಾನ ಮುಚ್ಚುದ್ರು, ಒಬ್ರೂ ಬಾಯ್ ಬಿಡ್ನಿಲ್ಲ. ಇನ್ನು ಮಗೀ ಯೋಚ್ನೆ ಬುಟ್ಬುಡು, ಅಂತ."

ನಮ್ಮಮ್ಮನಿಗೆ ಇದನ್ನ ಹೇಳಿದ್ಯಾ ಎಂದು ಕೇಳಿದೆ. ಹೇಳಲಿಲ್ಲ ಎಂದಳು. ಅತ್ತೆ ಆಗಿನ್ನೂ ಇದ್ದರು, ಬಾಯಿ ತುದಿಗೂ ಬಂದಿತ್ತು, ಆದರೆ ಆ ಒಂದು ಸುಳ್ಳನ್ನು ಅವರು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರಲ್ಲ, ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ ಎಂದಳು.

ಫೋನು ಇಟ್ಟು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಅಮ್ಮ ಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ ಅಮ್ಮ ಬೇಕು ಅನ್ನುವುದು ನಾಚಿಕೆಯ ವಿಷಯವೋ ಏನೋ, ಆದರೆ ಬಹಳ ಬೇಕು ಅನ್ನಿಸಿ ಅಳು ಬಂತು. ಅವಳು ಈಗ ಎದುರಿಗೆ ಬಂದು ನಿಂತರೆ, ಬೀಗರು ನಂಬಿರಲಿಲ್ಲ ಕಣಮ್ಮ ಎಂದು ಹೇಳುತ್ತಿದ್ದೆನೇ ಎಂದು ಯೋಚಿಸಿದೆ. ಇಲ್ಲ, ನಾನೂ ಹೇಳುತ್ತಿರಲಿಲ್ಲ.

ಯಜಮಾನರು ಪತ್ರ ಹಿಡಿದುಕೊಂಡು ಬಾಗಿಲಿಗೆ ಬಂದರು. ನನ್ನ ಮುಖ ನೋಡಿ ಪತ್ರದ ಸುದ್ದಿ ಎತ್ತಲಿಲ್ಲ. ಏನಂತೆ ನಿಮ್ಮ ಅತ್ತಿಗೆ ಎಂದರು.

"ಏನಿಲ್ಲ" ಎಂದೆ. "ಅವರ ಮಿಕ್ಸಿ ಚೆನ್ನಾಗಿ ಓಡ್ತಾ ಇದೆಯಂತೆ."